ತಗ್ಗು ಗಾಡಿಯ ಹೊಟ್ಟೆಗೆ ಕಾಪು

ನಾಸಿಕದ ಸಾತಪುರ, ಅಂಬಡಗಳಲ್ಲಿಯೂ ಛತ್ರಪತಿ ಸಂಭಾಜಿನಗರದ (2023 ರ ವರೆಗಿನ ಔರಂಗಾಬಾದ) ವಾಳೂಜ, ಶೇಂದ್ರಾಗಳಲ್ಲಿಯೂ ದುಡಿಯುವ ನಮ್ಮವರಿಗೆ ಮೋಟಾರು ಗಾಡಿ ಹೊಸ ವಸ್ತುವಲ್ಲ. ವಾಳೂಜದಲ್ಲಿ ಬಜಾಜ್ ಕಾರಖಾನೆ 1985 ರಿಂದ ನಡೆದಿದೆ. ಶೇಂದ್ರಾದಲ್ಲಿ ಸ್ಕೋಡಾ ಕಂಪನಿಯು 2001 ರಲ್ಲಿ ಬಿಡಿಭಾಗಗಳ ಕಟ್ಟುಗಳನ್ನು ಹೊರದೇಶದಿಂದ ತರಿಸಿ ಆಕ್ಟೇವಿಯಾ ಕಾರುಗಳನ್ನು ಜೋಡಿಸತೊಡಗಿತು. ಆದರೂ ಗಾಡಿಯ ಬಣ್ಣವನ್ನೂ ಟಾಯರನ್ನೂ ನೋಡುವಷ್ಟು ಶ್ರದ್ಧೆಯಿಂದ ಅದರ ಹೊಟ್ಟೆಯ ಕಡೆಗೆ ಬಗ್ಗಿ ನೋಡುವವರು ವಿರಳ. ಪೆಟ್ಟು ಬೀಳುವುದು ಅಲ್ಲಿಯೇ. ವರುಷದ ಉಳಿತಾಯ ಒಂದು ಗಳಿಗೆಯಲ್ಲಿ ಕರಗುವುದೂ ಅಲ್ಲಿಯೇ. ಆದುದರಿಂದ ಈ ಸಲದ ಪಾಠಕ್ಕೆ ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಉದಾಹರಣೆಗೆ ಎಲ್ಲಕ್ಕಿಂತ ತಗ್ಗಾದ ಗಾಡಿಯನ್ನು, ಎಂದರೆ ಕಿಟ್ ಸ್ಪೋರ್ಟ್ಸ್ ಕಾರನ್ನು, ತೆಗೆದುಕೊಳ್ಳೋಣ. ಅದರಲ್ಲಿ ಕಲಿತದ್ದು ಉಳಿದ ಗಾಡಿಗಳಿಗೂ ಸಲ್ಲುತ್ತದೆ.

ಕಿಟ್ ಕಾರು ಎಂದರೇನು?

ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಎಂಬವನು 1957 ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಗಾಡಿಯನ್ನು ಹೊರತಂದನು. ಅದನ್ನು ಬಿಡಿಭಾಗಗಳಾಗಿ ಕೊಂಡು ಮನೆಯ ಅಂಗಳದಲ್ಲಿ ಜೋಡಿಸಿಕೊಳ್ಳಬಹುದಾಗಿತ್ತು. ಆ ದೇಶದಲ್ಲಿ ಪೂರ್ಣವಾಗಿ ಸಿದ್ಧವಾದ ಕಾರಿನ ಮೇಲೆ ಬೀಳುತ್ತಿದ್ದ ಮಾರಾಟದ ತೆರಿಗೆ ಬಿಡಿಭಾಗಗಳ ಕಟ್ಟಿಗೆ ಬೀಳುತ್ತಿರಲಿಲ್ಲ. 1973 ರಲ್ಲಿ ತೆರಿಗೆಯ ಪದ್ಧತಿ ಬದಲಾಗಿ ಆ ಅನುಕೂಲ ತಪ್ಪಿತು. ಅದೇ ವರುಷ ಕೇಟರ್‌ಹ್ಯಾಮ್ ಸಂಸ್ಥೆ ಈ ಮಾದರಿಯ ಹಕ್ಕನ್ನು ಪಡೆದು ಅದನ್ನು ಮುಂದುವರಿಸಿತು. ನಮ್ಮ ಮಹಾರಾಷ್ಟ್ರದಲ್ಲಿಯೇ, ಅಲಿಬಾಗದ ಬಳಿ, ಚಿಂಕಾರಾ ಮೋಟರ್ಸ್ ಎಂಬ ಸಣ್ಣ ಸಂಸ್ಥೆಯು ಇದೇ ಬಗೆಯ ರೋಡ್‌ಸ್ಟರ್ ಗಾಡಿಯನ್ನು ಕಟ್ಟಿತು. ಅದಕ್ಕೆ ಕೂರಿಸಿದ್ದು ಅಂಬಾಸಿಡರ್ ಕಾರಿಗೂ ಹಾಕುತ್ತಿದ್ದ 1.8 ಲೀಟರಿನ ಇಸುಜು ಎಂಜಿನ್.

ತೊಡಕಿನ ಮೂಲ ಇಲ್ಲಿಯೇ ಇದೆ. ಎಂಜಿನ್ ಎತ್ತರದ ಸಂಸಾರಿ ಗಾಡಿಯದು, ಮೈ ಮಾತ್ರ ಓಟದ ಗಾಡಿಯದು. ಎಂಜಿನ್ನಿನ ಅಡಿಯಲ್ಲಿ ಎಣ್ಣೆ ತುಂಬಿದ ತೊಟ್ಟಿಯೊಂದು ತೂಗುತ್ತದೆ. ಗ್ಯಾರೇಜಿನವರು ಅದನ್ನು ‘ಚೇಂಬರ್’ ಎನ್ನುತ್ತಾರೆ. ಎತ್ತರದ ಗಾಡಿಯಲ್ಲಿ ಮರೆಯಾಗಿ ಕುಳಿತಿದ್ದ ಅದು ತಗ್ಗು ಗಾಡಿಯಲ್ಲಿ ಚಾಸಿಯಿಂದಲೂ ಕೆಳಗೆ ಇಳಿಯುತ್ತದೆ. ಅದರ ಹಿಂದೆಯೇ ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂಭಾಗ ಬರುತ್ತದೆ. ಇಂಥ ಗಾಡಿಯ ಚೇಂಬರಿಗೂ ನೆಲಕ್ಕೂ ನಡುವೆ ಹತ್ತು ಸೆಂಟಿಮೀಟರ್ ಉಳಿದರೆ ಅದೇ ಹೆಚ್ಚು.

ಉಬ್ಬಿನ ಲೆಕ್ಕ

ಇಲ್ಲಿಯ ಫಲಕಗಳಲ್ಲಿ ‘ಗತಿರೋಧಕ’ ಎಂದು ಬರೆದಿರುವ ರಸ್ತೆಯುಬ್ಬಿಗೆ ಒಂದು ಅಳತೆ ಉಂಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988 ರ ಸೂಚನೆಯಂತೆ ಅದರ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಅದು 17 ಮೀಟರ್ ತ್ರಿಜ್ಯದ ವೃತ್ತದ ತುಂಡಿನಂತೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು.

ಉಬ್ಬು ಹತ್ತು ಸೆಂಟಿಮೀಟರ್, ಗಾಡಿಯ ಕೆಳಗಿನ ಜಾಗವೂ ಹತ್ತೇ ಸೆಂಟಿಮೀಟರ್. ಹಾಗಾದರೆ ತಾಗಲೇಬೇಕಲ್ಲವೇ? ಇಲ್ಲ. ಸೆವೆನ್ ಗಾಡಿಯ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಸುಮಾರು 2.225 ಮೀಟರ್. ಅಗಲವಾದ ಉಬ್ಬಿನ ಮೇಲೆ ನಾಲ್ಕೂ ಚಕ್ರಗಳು ಏರಿರುವುದರಿಂದ ಗಾಡಿಯೂ ಮೇಲೆದ್ದಿರುತ್ತದೆ. ಆಗ ಹೊಟ್ಟೆಯ ಕೆಳಗೆ ಕಡಿಮೆಯಾಗುವ ಜಾಗವನ್ನು ತಿಳಿಯಲು ಆ ದೂರವನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ ಎಂಟು ಪಟ್ಟಿನಿಂದ, ಎಂದರೆ 136 ರಿಂದ, ಭಾಗಿಸಬೇಕು. 4.95 ನ್ನು 136 ರಿಂದ ಭಾಗಿಸಿದರೆ 0.036 ಮೀಟರ್. ಕಳೆದುಹೋದದ್ದು ಮೂರೂವರೆ ಸೆಂಟಿಮೀಟರಿನಷ್ಟೇ!

ಆದರೆ ಊರ ಬಾಗಿಲಲ್ಲಿ ಯಾರೋ ರಾತ್ರಿ ಕಾಂಕ್ರೀಟು ಸುರಿದು ಮಾಡಿದ ಗಿಡ್ಡ ದಿಣ್ಣೆಯ ಮಾತು ಬೇರೆ. ಅದರ ಅಗಲ ಒಂದು ಮೊಳ. ಮುಂದಿನ ಚಕ್ರ ದಾಟಿ ನೆಲಕ್ಕಿಳಿದಾಗ ಹಿಂದಿನದು ಇನ್ನೂ ಏರಿರುವುದಿಲ್ಲ. ಹತ್ತಕ್ಕೆ ಹತ್ತೂ ಸೆಂಟಿಮೀಟರ್ ಹೊಟ್ಟೆಗೆ ಎದುರಾಗುತ್ತದೆ. ಉಬ್ಬಿನ ಎತ್ತರಕ್ಕಿಂತ ಅದರ ಗಿಡ್ಡತನವೇ ಹೆಚ್ಚು ಅಪಾಯಕರವೆಂಬುದು ಈ ಲೆಕ್ಕದ ಸಾರ.

ತಗಡಿನ ಕಾಪು

ಕಾಪು ತಗಡನ್ನು ಹಾಕುವ ಮೊದಲು ಚೇಂಬರನ್ನೇ ಗಿಡ್ಡ ಮಾಡಲು ಸಾಧ್ಯವೇ ಎಂದು ಬಲ್ಲವರು ನೋಡುತ್ತಾರೆ. ಆಳವನ್ನು ಕಡಿಮೆಮಾಡಿ ಅಗಲವನ್ನು ಹೆಚ್ಚಿಸಿದರೆ ಎಣ್ಣೆಯ ಪ್ರಮಾಣ ಅಷ್ಟೇ ಉಳಿಯುತ್ತದೆ. ಆದರೆ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಓಡಿ ಪಂಪು ಒಣಗದಂತೆ ಒಳಗೆ ಅಡ್ಡಗೋಡೆಗಳನ್ನು ಇಡಲೇಬೇಕು. ಓಟದ ಗಾಡಿಗಳಲ್ಲಿ ಎಣ್ಣೆಯನ್ನು ಬೇರೊಂದು ಟಾಂಕಿಯಲ್ಲಿಟ್ಟು ಅಡಿಯ ತೊಟ್ಟಿಯನ್ನು ತಟ್ಟೆಯಷ್ಟು ಆಳಕ್ಕೆ ಇಳಿಸುವುದೂ ಉಂಟು. ಅದು ಖರ್ಚಿನ ಕೆಲಸ.

ಇನ್ನು ತಗಡು. 60 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಉಕ್ಕಿನ ತಗಡು 3 ಮಿಲಿಮೀಟರ್ ದಪ್ಪವಿದ್ದರೆ ಸುಮಾರು 7 ಕಿಲೋ ತೂಗುತ್ತದೆ. ಅದೇ ಅಳತೆಯ 6 ಮಿಲಿಮೀಟರ್ ಅಲ್ಯುಮಿನಿಯಂ 5 ಕಿಲೋ ಕೂಡ ಮುಟ್ಟುವುದಿಲ್ಲ. ಆದರೂ ಬಾಗದೆ ನಿಲ್ಲುವುದರಲ್ಲಿ ಅದು ಉಕ್ಕಿನ ತಗಡಿಗಿಂತ ಸುಮಾರು ಎರಡೂಮುಕ್ಕಾಲು ಪಟ್ಟು ಗಟ್ಟಿ. ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಮಡಿಯಾಗುವುದೇ ಇದಕ್ಕೆ ಕಾರಣ. ಉಕ್ಕಿಗೆ ಬೇರೆ ಗುಣವುಂಟು: ಅದು ಅಗ್ಗ, ಕಲ್ಲಿನ ಮೇಲೆ ಉಜ್ಜಿದರೆ ಬೇಗ ಸವೆಯುವುದಿಲ್ಲ, ಯಾವ ಊರಿನಲ್ಲಿಯೂ ಬೆಸುಗೆಯಾಗುತ್ತದೆ.

ಕೂರಿಸುವಾಗ ಗಮನಿಸಬೇಕಾದ ಸಂಗತಿಗಳು ಇವು:

1. ತಗಡನ್ನು ಚಾಸಿಗೆ ಬಿಗಿಯಬೇಕು. ಚೇಂಬರಿಗಾಗಲಿ ಗೇರ್‌ಬಾಕ್ಸಿಗಾಗಲಿ ಎಂದೂ ಬಿಗಿಯಬಾರದು. ಹಾಗೆ ಬಿಗಿದರೆ ತಗಡು ತಿಂದ ಪೆಟ್ಟು ನೇರವಾಗಿ ಎಂಜಿನ್ನಿಗೇ ಹೋಗುತ್ತದೆ.

2. ತಗಡಿಗೂ ಚೇಂಬರಿಗೂ ನಡುವೆ ಒಂದು ಬೆರಳಷ್ಟು ಸಂದಿ ಇರಲಿ. ಎಂಜಿನ್ ಅದಿರುತ್ತದೆ, ತಗಡು ಬಾಗುತ್ತದೆ. ಇಬ್ಬರಿಗೂ ಜಾಗ ಬೇಕು.

3. ಮುಂದಿನ ಅಂಚು ಮೇಲಕ್ಕೆ ಬಾಗಿರಲಿ. ನೇರ ಅಂಚು ನೇಗಿಲಿನಂತೆ ನೆಲಕ್ಕೆ ನಾಟುತ್ತದೆ. ಗಾಡಿ ಹಿಂದಕ್ಕೂ ಚಲಿಸುವುದರಿಂದ ಹಿಂದಿನ ಅಂಚಿಗೂ ಸ್ವಲ್ಪ ಬಾಗು ಬೇಕು.

4. ಬೋಲ್ಟುಗಳ ತಲೆ ತಗಡಿನೊಳಗೆ ಹುದುಗಿರಲಿ. ಹೊರಗೆ ಚಾಚಿದ ತಲೆ ಒಂದೇ ಉಜ್ಜಿಗೆ ಸವೆದು, ಮುಂದೆ ಪಾನಾಕ್ಕೆ ಸಿಕ್ಕುವುದಿಲ್ಲ.

5. ಎಣ್ಣೆ ಇಳಿಸುವ ಬೋಲ್ಟಿನ ನೇರಕ್ಕೆ ಒಂದು ತೂತೂ, ಗಾಳಿಯಾಡಲು ಕೆಲವು ಸೀಳುಗಳೂ ಇರಲಿ.

ತಗಡು ಹಾಕಿದೊಡನೆ ಧೈರ್ಯ ಹೆಚ್ಚಬಾರದು. ಸಂದಿ, ದಪ್ಪ ಎರಡೂ ಸೇರಿ ನೆಲದಿಂದ ಎರಡು ಸೆಂಟಿಮೀಟರನ್ನು ಅದೇ ಕಸಿದುಕೊಳ್ಳುತ್ತದೆ. ತಗಡು ದಿಣ್ಣೆಯನ್ನು ದಾಟಿಸುವುದಿಲ್ಲ. ತಾಗಿದಾಗ ಚೇಂಬರನ್ನು ಉಳಿಸುತ್ತದೆ, ಅಷ್ಟೇ. ದಾಟಿಸುವುದು ಚಾಲಕನ ಕಣ್ಣು ಮತ್ತು ಕಾಲು. ದಿಣ್ಣೆಗೆ ಬರುವ ಮೊದಲೇ ಬ್ರೇಕು ಹಾಕಿ, ಏರುವಾಗ ಬಿಟ್ಟುಬಿಡಬೇಕು. ಬ್ರೇಕು ತುಳಿದಾಗ ಗಾಡಿಯ ಮೂಗು ತಗ್ಗುತ್ತದೆ. ದಾರಿಯಲ್ಲಿ ಗುಂಡುಕಲ್ಲು ಕಂಡು, ತಪ್ಪಿಸಲು ಆಗದಿದ್ದರೆ, ಮೆಲ್ಲಗೆ ಚಕ್ರವನ್ನು ಅದರ ಮೇಲೆ ಹತ್ತಿಸುವುದು ಲೇಸು. ಅದನ್ನು ಗಾಡಿಯ ನಡುವೆ ಬಿಟ್ಟುಕೊಳ್ಳುವುದು ಕೇಡು.

ಎತ್ತರದ ಸ್ಪ್ರಿಂಗು ಹಾಕಿಸುವ, ಚಾಸಿ ಕತ್ತರಿಸುವ ಯೋಚನೆಯಿದ್ದವರು ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸತಕ್ಕದ್ದು. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988 ರ ಮೋಟಾರು ವಾಹನ ಕಾಯದೆಯ 52 ನೆಯ ಕಲಮು ತಡೆಯುತ್ತದೆ.

ಪೆಟ್ಟು ಬಿದ್ದಾಗ

ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಇದ್ದವರು ಎಷ್ಟು ಮಂದಿ ಎಂದು ಓದುಗರು ನಗಬಹುದು. ಆದರೆ ದಸರೆಗೆ ಊರಿಗೆ ಹೊರಟ ಹಳೆಯ ಕಾರನ್ನು ನೆನೆಯಿರಿ. ಐದು ಜನ, ಡಿಕ್ಕಿಯ ತುಂಬ ಗಂಟುಮೂಟೆ. ಸಂಭಾಜಿನಗರದಿಂದ ಬೀಡ, ತುಳಜಾಪುರ, ಸೊಲ್ಲಾಪುರಗಳ ಮೇಲೆ ವಿಜಯಪುರಕ್ಕೆ ಒಯ್ಯುವ 52 ನೆಯ ಹೆದ್ದಾರಿ ಇದೆ ನಿಜ. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿ ಹಿಡಿದೊಡನೆ ಭಾರಕ್ಕೆ ಬಗ್ಗಿದ ಆ ಕಾರೂ ತಗ್ಗು ಗಾಡಿಯೇ.

ಕೆಳಗೆ ‘ಧಡ್’ ಎಂದು ಪೆಟ್ಟು ಕೇಳಿದರೆ ನಿಲ್ಲಿಸಿ, ಕೀಲಿ ತಿರುಗಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡಿ. ಎಣ್ಣೆಯ ಕೆಂಪು ದೀಪ ಹತ್ತಿದರಂತೂ ಮುಂದಿನ ಗ್ಯಾರೇಜಿನ ವರೆಗೆ ಹೋಗೋಣವೆಂಬ ಆಸೆ ಬೇಡವೇ ಬೇಡ. ಎಂಜಿನ್ನಿನ ಬೇರಿಂಗುಗಳಲ್ಲಿ ಕೂದಲೆಳೆಯಷ್ಟು ಸಂದಿಯಲ್ಲಿ ಎಣ್ಣೆಯ ಪದರವೊಂದು ಲೋಹಕ್ಕೆ ಲೋಹ ತಾಗದಂತೆ ಕಾಯುತ್ತಿರುತ್ತದೆ. ಅದು ಹೋದರೆ ಎಂಜಿನ್ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಡ. ಒಡೆದ ಚೇಂಬರು ಒಂದು ದಿನದ ಕೆಲಸ. ಹಿಡಿದುಕೊಂಡ ಎಂಜಿನ್ನು ಹಲವು ತಿಂಗಳ ಸಂಬಳ.

ಎಣ್ಣೆ ಸೋರದಿದ್ದರೂ ಮೈಮರೆಯಬಾರದು. ಎರಕದ ಅಲ್ಯುಮಿನಿಯಂ ಚೇಂಬರು ಬಿರಿಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಉಕ್ಕಿನ ತಗಡಿನದು ಒಳಕ್ಕೆ ನೆಗ್ಗುತ್ತದೆ. ಒಳಗೆ ಎಣ್ಣೆ ಹೀರುವ ಜರಡಿಗೆ ಆ ನೆಗ್ಗು ತಾಗಿ ಬಾಯಿ ಮುಚ್ಚಿದರೆ, ಎಣ್ಣೆ ತುಂಬಿದ್ದರೂ ಎಂಜಿನ್ ಉಪವಾಸ ಬೀಳುತ್ತದೆ. ಆದುದರಿಂದ ನೆಗ್ಗನ್ನೂ ಮೆಕ್ಯಾನಿಕನಿಗೆ ತೋರಿಸಬೇಕು.

ಅಭ್ಯಾಸಕ್ಕೆ

ಸ್ನೇಹಿತರದಾಗಲಿ ಸ್ವಂತದ್ದಾಗಲಿ, ಒಂದು ಕಾರಿನಲ್ಲಿ ಜನರನ್ನು ಕೂರಿಸಿ, ಹೊಟ್ಟೆಯ ಅತಿ ತಗ್ಗಿನ ಭಾಗದಿಂದ ನೆಲಕ್ಕೆ ಎಷ್ಟೆಂದು ಟೇಪಿನಿಂದ ಅಳೆಯಿರಿ. ಚಕ್ರಗಳ ನಡುವಿನ ದೂರ 2.4 ಮೀಟರ್ ಆದರೆ ನಿಯಮದ ಉಬ್ಬಿನ ಮೇಲೆ ಎಷ್ಟು ಜಾಗ ಕಡಿಮೆಯಾದೀತು? ಉತ್ತರ 4.2 ಸೆಂಟಿಮೀಟರ್ ಬರಬೇಕು. ನಿಮ್ಮ ಓಣಿಯ ದಿಣ್ಣೆಯನ್ನೂ ಅಳೆದು, ಎರಡನ್ನೂ ಹೋಲಿಸಿರಿ.