ರಕ್ತದ ರಿಪೋರ್ಟಿನಲ್ಲಿ ವಯಸ್ಸಿನ ಪಾಲೆಷ್ಟು?

ಸಿಬಿಸಿ ಎಂಬ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಕೆಂಪು ರಕ್ತಕಣಗಳ ಪಾಲಿಗೆ ಐದಾರು ಸಾಲುಗಳಿರುತ್ತವೆ. ಹಿಮೋಗ್ಲೋಬಿನ್ ಎಷ್ಟು, ಕಣಗಳ ಸಂಖ್ಯೆ ಎಷ್ಟು, ಕಣದ ಸರಾಸರಿ ಗಾತ್ರ ಎಂದರೆ ಎಂಸಿವಿ ಎಷ್ಟು, ಆ ಗಾತ್ರದಲ್ಲಿ ಏರುಪೇರು ತೋರಿಸುವ ಆರ್‌ಡಿಡಬ್ಲ್ಯೂ ಎಷ್ಟು ಎಂಬ ಲೆಕ್ಕ. ಹುಟ್ಟಿನಿಂದ ಮುಪ್ಪಿನವರೆಗೆ ಇವಕ್ಕೆಲ್ಲ ಒಂದೇ ಅಳತೆ ನಡೆಯುವುದಿಲ್ಲ.

ದೊಡ್ಡ ಏರಿಳಿತ ಕಾಣುವುದು ಕೂಸಿನಲ್ಲಿ. ಗರ್ಭದಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಹುಟ್ಟುವಾಗ ಮಗುವಿನ ಹಿಮೋಗ್ಲೋಬಿನ್ ದೊಡ್ಡವರಿಗಿಂತ ಹೆಚ್ಚು, ಎಂಸಿವಿ 100ಕ್ಕೂ ಮೇಲೆ. ಉಸಿರಾಟ ಶುರುವಾದ ಮೇಲೆ, ಕಣಗಳನ್ನು ತಯಾರಿಸುವ ಅಸ್ಥಿಮಜ್ಜೆಯ ಕೆಲಸ ನಿಧಾನಿಸುತ್ತದೆ. ಎರಡು ಮೂರು ತಿಂಗಳಿಗೆ ಹಿಮೋಗ್ಲೋಬಿನ್ 10ರ ಆಸುಪಾಸಿಗೆ ಇಳಿದು ತಾನಾಗಿಯೇ ಮೇಲೇರುತ್ತದೆ. ದಿನ ತುಂಬಿ ಹುಟ್ಟಿದ ಮಗುವಿಗೆ ಇದು ಕಾಯಿಲೆಯಲ್ಲ. ಎರಡು ವರ್ಷದ ಮಗುವಿನ ಎಂಸಿವಿ 75 ಇದ್ದರೆ ಸಹಜ. ಅದೇ ಅಂಕಿ ಅಜ್ಜಿಯ ರಿಪೋರ್ಟಿನಲ್ಲಿದ್ದರೆ ಕಾರಣ ಹುಡುಕಬೇಕು. ಹರೆಯಕ್ಕೆ ಬಂದ ಮೇಲೆ ಟೆಸ್ಟೊಸ್ಟೆರಾನ್ ಹಾರ್ಮೋನಿನಿಂದ ಹುಡುಗರ ಅಂಕಿ ಏರುತ್ತದೆ, ಹುಡುಗಿಯರು ಮುಟ್ಟಿನಲ್ಲಿ ಕಬ್ಬಿಣಾಂಶ ಕಳೆದುಕೊಳ್ಳುತ್ತಾರೆ, ಅಲ್ಲಿಂದ ಇಬ್ಬರ ಲೆಕ್ಕ ಬೇರೆಯಾಗುತ್ತದೆ.

ಅರವತ್ತು ದಾಟಿದ ಮೇಲೆ ಈ ಅಂತರ ಮತ್ತೆ ಕಿರಿದಾಗುತ್ತದೆ. ಗಂಡಸರ ಹಿಮೋಗ್ಲೋಬಿನ್ ವರ್ಷಗಳ ಅವಧಿಯಲ್ಲಿ ಮೆಲ್ಲಗೆ ಇಳಿಯುತ್ತದೆ, ಹೆಂಗಸರಲ್ಲಿ ಇಳಿತ ಕಡಿಮೆ. ಮಜ್ಜೆಯ ಜಾಗವನ್ನು ಕೊಬ್ಬು ಆಕ್ರಮಿಸುವುದು, ಗಂಡಸರಲ್ಲಿ ಹಾರ್ಮೋನ್ ಕುಗ್ಗುವುದು ಇದಕ್ಕೆ ಕಾರಣಗಳು. ಎಂಸಿವಿ, ಆರ್‌ಡಿಡಬ್ಲ್ಯೂ ಎರಡೂ ತುಸು ಏರುತ್ತವೆ. ಕಣದ ಆಯುಷ್ಯ ಮಾತ್ರ ಮೊದಲಿನಂತೆಯೇ ಸುಮಾರು 120 ದಿನ. ದಿನನಿತ್ಯದ ಉತ್ಪಾದನೆಗೆ ಮುದಿ ಮಜ್ಜೆ ಸಾಲುತ್ತದೆ. ರಕ್ತಸ್ರಾವವಾದಾಗಲೋ ದೊಡ್ಡ ಕಾಯಿಲೆ ಬಂದಾಗಲೋ ಚೇತರಿಕೆ ತಡವಾಗುತ್ತದೆ, ಅಷ್ಟೆ.

ಅಂದರೆ ಮುಪ್ಪಿನಲ್ಲಿ ವಯಸ್ಸಿನ ಪಾಲು ಚಿಕ್ಕದು. ರಕ್ತಹೀನತೆಗೆ ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಗುರುತಿಸಿದ ಹಿಮೋಗ್ಲೋಬಿನ್ ಗಡಿ, ಗಂಡಸರಿಗೆ 13 ಮತ್ತು ಗರ್ಭಿಣಿಯರಲ್ಲದ ಹೆಂಗಸರಿಗೆ 12, ಇಂದಿಗೂ ಬಳಕೆಯಲ್ಲಿದೆ. ಮುದುಕರಿಗೆಂದು ಪ್ರತ್ಯೇಕ ರಿಯಾಯಿತಿಯಿಲ್ಲ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದನ್ನು ಆಧರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 65 ದಾಟಿದವರಲ್ಲಿ ಹತ್ತಕ್ಕೆ ಒಬ್ಬರಿಗೆ, 85 ದಾಟಿದವರಲ್ಲಿ ಐದಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡಿತು. ಅವರಲ್ಲಿ ಮೂರನೇ ಒಂದು ಪಾಲಿಗೆ ಪೋಷಕಾಂಶದ ಕೊರತೆ, ಇನ್ನೊಂದು ಪಾಲಿಗೆ ಕಿಡ್ನಿ ತೊಂದರೆ ಅಥವಾ ದೀರ್ಘಕಾಲದ ಉರಿಯೂತ. ಕಾರಣ ತಿಳಿಯದೆ ಉಳಿದದ್ದು ಮೂರನೇ ಒಂದು ಪಾಲು ಮಾತ್ರ. ‘ವಯಸ್ಸಾಯ್ತಲ್ಲ, ರಕ್ತ ಕಮ್ಮಿ ಇರತ್ತೆ’ ಎಂಬ ಮನೆಮಾತು ಹೆಚ್ಚಿನ ಸಲ ತಪ್ಪುದಾರಿಗೆ ಎಳೆಯುತ್ತದೆ. ಮುಖ್ಯವಾಗಿ, ಹಿರಿಯರಲ್ಲಿ ಕಬ್ಬಿಣಾಂಶ ಕುಸಿದರೆ ಹೊಟ್ಟೆ ಕರುಳುಗಳಲ್ಲಿ ಕಣ್ಣಿಗೆ ಬೀಳದ ರಕ್ತಸ್ರಾವ ಇರಬಹುದು.

ಕನ್ನಡದ ಮನೆಗಳಲ್ಲಿ ಇದಕ್ಕೆ ಇನ್ನೊಂದು ಎಳೆಯಿದೆ. ಜೀವಮಾನವಿಡೀ ಸಸ್ಯಾಹಾರಿಗಳಾಗಿದ್ದು, ಸಕ್ಕರೆ ಕಾಯಿಲೆಗೆ ಹಲವು ವರ್ಷ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕೊರತೆ ಸಾಮಾನ್ಯ. ಬಿ12 ಕೊರತೆ ಕಣವನ್ನು ಹಿಗ್ಗಿಸುತ್ತದೆ, ಕಬ್ಬಿಣದ ಕೊರತೆ ಕುಗ್ಗಿಸುತ್ತದೆ. ಎರಡೂ ಒಟ್ಟಿಗಿದ್ದರೆ ಎಂಸಿವಿ ಸರಿಯಾಗಿಯೇ ಕಾಣಬಹುದು. ಆಗ ಸುಳಿವು ಕೊಡುವುದು ಏರಿದ ಆರ್‌ಡಿಡಬ್ಲ್ಯೂ. ಊರು ಬಿಟ್ಟು ಬೇರೆಡೆಗೆ ಹೋದಾಗ ಅಲ್ಲಿನ ವೈದ್ಯರಿಗೆ ಊಟದ ರೂಢಿ, ಮಾತ್ರೆಗಳ ಪಟ್ಟಿ ಎರಡನ್ನೂ ಹೇಳಬೇಕಾದದ್ದು ಇದಕ್ಕೇ. ಎಂಸಿವಿ ಯೌವನದಿಂದಲೂ ಕಡಿಮೆಯಿದ್ದವರಿಗೆ ಹುಟ್ಟಿನಿಂದ ಬಂದ ಥಲಸ್ಸೀಮಿಯಾ ವಾಹಕ ಗುಣ ಇರಬಹುದು. ಅದಕ್ಕೆ ಕಬ್ಬಿಣದ ಮಾತ್ರೆ ಪರಿಹಾರವಲ್ಲ.

ದೇಶ ಬದಲಾದರೆ ಅಳತೆಯ ಘಟಕವೂ ಬದಲಾಗುತ್ತದೆ. ಬೆಂಗಳೂರಿನ ಲ್ಯಾಬಿನಲ್ಲಿ 12.5 ಎಂದು ಬರೆದ ಹಿಮೋಗ್ಲೋಬಿನ್ ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ 125 ಆಗುತ್ತದೆ, ನೆದರ್‌ಲ್ಯಾಂಡ್ಸ್‌ನಲ್ಲಿ ಸುಮಾರು 7.8. ರಕ್ತ ಒಂದೇ, ಬರೆಯುವ ಕ್ರಮ ಬೇರೆ. 7.8 ನೋಡಿ ಗಾಬರಿಯಾಗಬೇಕಿಲ್ಲ.

ಪರದೇಶದಲ್ಲಿರುವ ಮಕ್ಕಳ ಬಳಿಗೆ ಅಪ್ಪ ಅಮ್ಮ ಊರಿನಿಂದ ಬರುವಾಗ ಹಳೆಯ ರಿಪೋರ್ಟುಗಳೂ ಸೂಟ್‌ಕೇಸಿನಲ್ಲಿದ್ದರೆ ಒಳ್ಳೆಯದು. ಐದು ವರ್ಷದ ಹಿಂದೆ ಹಿಮೋಗ್ಲೋಬಿನ್ 15.5 ಇದ್ದ ಗಂಡಸಿಗೆ ಈಗ 13.4 ಬಂದರೆ ಹೊಸ ಲ್ಯಾಬ್ ಅದರ ಪಕ್ಕ ಯಾವ ಗುರುತೂ ಹಾಕದಿರಬಹುದು. ಎರಡು ಗ್ರಾಂ ಇಳಿದದ್ದು ಕಾಣುವುದು ಹಳೆಯ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದ ವೈದ್ಯರಿಗೆ ಮಾತ್ರ.