ಹಳ್ಳದ ಆರೋಗ್ಯ ಕಲ್ಲಿನಡಿ ನೋಡಿ

ಪ್ರಶ್ನೆ: ನಾವು ಹೈದರಾಬಾದಿನ ಕಾಚಿಗುಡದವರು. ಅನಂತಗಿರಿ ಗುಡ್ಡಕ್ಕೆ ಹೋಗಿದ್ದಾಗ, ಮೂಸಿ ನದಿ ಹುಟ್ಟುವುದು ಇಲ್ಲೇ ಎಂದು ಮಗಳಿಗೆ ಹೇಳಿದೆ. ಚಾದರ್‌ಘಾಟ್ ಸೇತುವೆಯ ಕೆಳಗಿನ ಕಪ್ಪು ನೀರೂ ಇದೇನಾ ಅಂತ ಕೇಳಿದಳು. ಒಂದು ಹಳ್ಳ ಆರೋಗ್ಯವಾಗಿದೆಯೋ ಇಲ್ಲವೋ ಎಂದು ಲ್ಯಾಬಿಗೆ ಹೋಗದೆ ತಿಳಿಯಬಹುದೇ?

ಉತ್ತರ: ಹೆಸರು ಒಂದೇ, ನೀರು ಬಹುಮಟ್ಟಿಗೆ ಬೇರೆ ಎಂದು ಮಗಳಿಗೆ ಹೇಳಿ. 1908ರ ಸೆಪ್ಟೆಂಬರ್ 28ರ ಮಹಾಪೂರ ಊರನ್ನೇ ಕೊಚ್ಚಿದ ಮೇಲೆ ನಿಜಾಮರ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರ ಸಲಹೆಯಂತೆ 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರ, 1927ರಲ್ಲಿ ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಕಟ್ಟಿದರು. ಅನಂತಗಿರಿಯ ನೀರು ಅಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಊರೊಳಗೆ ಹರಿಯುವುದು ಹೆಚ್ಚಾಗಿ ನಮ್ಮ ನಿಮ್ಮ ಮನೆಗಳ ಬಚ್ಚಲ ನೀರು. ಚಾದರ್‌ಘಾಟ್‌ನಲ್ಲಿ ಪರೀಕ್ಷೆಗೆ ಮೂಗೊಂದೇ ಸಾಕು. ನಿಜವಾದ ಕಷ್ಟ ನಡುವಣ ಹಳ್ಳಗಳದ್ದು. ನೋಡಲು ತಿಳಿಯಾಗಿರುತ್ತವೆ, ವಾಸನೆಯೂ ಇರುವುದಿಲ್ಲ, ಆದರೂ ಒಳಗೊಳಗೇ ಕೆಟ್ಟಿರಬಹುದು.

ಇಂಥ ಕಡೆ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕೊಡುವುದು ವಾಡಿಕೆ. ಸ್ನಾನದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ, ಮೀನು ಸಾಕುವ ನೀರಿನಲ್ಲಿ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಅಳತೆ ಸರಿಯೇ, ಆದರೆ ಯಾವ ಹೊತ್ತಿನಲ್ಲಿ ಅಳೆದಿರಿ ಎಂಬುದೂ ಮುಖ್ಯ. ಪಾಚಿ ಕಟ್ಟಿದ ಹಳ್ಳದಲ್ಲಿ ಮಟಮಟ ಮಧ್ಯಾಹ್ನ ಆಮ್ಲಜನಕ ಭರ್ತಿ ಇರುತ್ತದೆ. ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ ಬೆಳಗಿನ ಜಾವದ ಹೊತ್ತಿಗೆ ಅದನ್ನು ಬರಿದು ಮಾಡಿರುತ್ತದೆ. ಬಾಟಲಿಗೆ ಗೊತ್ತಿರುವುದು ಆ ಗಳಿಗೆಯ ಸಂಗತಿ ಮಾತ್ರ. ತಳದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕುವ ಹುಳುಗಳು ಹಗಲು ರಾತ್ರಿ ಎರಡನ್ನೂ ಕಂಡಿರುತ್ತವೆ. ಅವುಗಳನ್ನೇ ವಿಚಾರಿಸಬೇಕು.

ಮಳೆ ನಿಂತು ನೀರು ತಿಳಿಯಾದ ಮೇಲೆ, ಅಕ್ಟೋಬರ್–ನವೆಂಬರಿನಲ್ಲಿ ಹೋಗಿ. ಪಾದ ಮುಳುಗುವಷ್ಟು ನೀರು ಕಲ್ಲುಗಳ ನಡುವೆ ಹರಿಯುವ ಜಾಗ ಹುಡುಕಿ. ಸೊಳ್ಳೆಪರದೆ ಬಟ್ಟೆಯ ಬಲೆಯನ್ನು ಹರಿವಿಗೆ ಅಡ್ಡ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕೆದಕಿ. ಬಲೆಗೆ ಬಂದದ್ದನ್ನು ಬಿಳಿ ಟ್ರೇಯಲ್ಲಿ ಸ್ವಲ್ಪ ನೀರು ಹಾಕಿ ಸುರಿಯಿರಿ. ಮೊದಲು ಕಾಣುವುದು ಬರೀ ಕಸ. ಒಂದು ನಿಮಿಷ ಸುಮ್ಮನಿದ್ದರೆ ಕಸವೇ ಓಡಾಡತೊಡಗುತ್ತದೆ. ಹೊಟ್ಟೆಯ ಎರಡೂ ಪಕ್ಕ ಕಿವಿರುಗಳನ್ನು ಪಟಪಟ ಆಡಿಸುವ, ಸಾಮಾನ್ಯವಾಗಿ ಮೂರು ಬಾಲದ ಪುಟ್ಟ ಹುಳು ಮೇಫ್ಲೈ ಮರಿ. ಮರಳಿನ ಕಣಗಳನ್ನು ತನ್ನ ರೇಷ್ಮೆಯಿಂದ ಅಂಟಿಸಿ ಕಟ್ಟಿಕೊಂಡ ಕೊಳವೆಯಿಂದ ತಲೆ ಚಾಚುವುದು ಕ್ಯಾಡಿಸ್ ಮರಿ. ಇವುಗಳಲ್ಲಿ ಹೆಚ್ಚಿನವಕ್ಕೆ ಆಮ್ಲಜನಕ ಚೆನ್ನಾಗಿರುವ ನೀರೇ ಬೇಕು. ರಕ್ತಗೆಂಪು ಹುಳುಗಳೇ ತುಂಬಿದ್ದರೆ ಮಾತ್ರ ಅನುಮಾನಿಸಿ. ಅವುಗಳ ಕೆಂಪು ನಮ್ಮ ರಕ್ತದಲ್ಲೂ ಇರುವ ಹಿಮೋಗ್ಲೋಬಿನ್ನಿನದು, ಆಮ್ಲಜನಕ ಕಡಿಮೆಯಾದಲ್ಲಿ ಬದುಕಲು ಅದು ನೆರವಾಗುತ್ತದೆ. ಉದ್ದ ಬಾಲದಂಥ ಕೊಳವೆಯನ್ನು ಮೇಲೆತ್ತಿ ಗಾಳಿ ಎಳೆದುಕೊಳ್ಳುವ ಹುಳುವಿಗಂತೂ ನೀರು ಹೇಗಿದ್ದರೂ ಚಿಂತೆಯಿಲ್ಲ.

ಮಗಳಿಗೆ ಲೆಕ್ಕದ ಕೆಲಸ ಕೊಡಿ. ಟ್ರೇಯಿಂದ ಕೈಗೆ ಸಿಕ್ಕಿದ ಹುಳುವನ್ನು ಒಂದೊಂದಾಗಿ, ಆರಿಸದೆ ಎತ್ತಲಿ. ಮೊದಲನೆಯದಕ್ಕೆ ಒಂದು ಗೀಟು. ಆಮೇಲೆ ಹಿಂದಿನದಕ್ಕಿಂತ ಬೇರೆ ಬಗೆಯದು ಬಂದಾಗಲೆಲ್ಲ ಇನ್ನೊಂದು. ಗೀಟುಗಳನ್ನು ಒಟ್ಟು ಹುಳುಗಳಿಂದ ಭಾಗಿಸಿ. ಹತ್ತಕ್ಕೆ ಹತ್ತೂ ಕೆಂಪು ಹುಳುಗಳಾದರೆ ಸಿಗುವುದು 0.1, ಪ್ರತಿಯೊಂದೂ ಹಿಂದಿನದಕ್ಕಿಂತ ಬೇರೆಯಾದರೆ 1. ಮಕ್ಕಳಾಟವೆಂದು ನಗಬೇಡಿ, ಮಂಡಳಿಯ ಜೈವಿಕ ಮಾನದಂಡದಲ್ಲೂ ವೈವಿಧ್ಯ ಅಳೆಯುವುದು ಹೀಗೆಯೇ. ಜೊತೆಗೆ ಮಾಲಿನ್ಯ ತಾಳುವ ಶಕ್ತಿಯನ್ನು ನೋಡಿ ಹುಳುಗಳ ಒಂದೊಂದು ಕುಟುಂಬಕ್ಕೂ ಹತ್ತರೊಳಗೆ ಅಂಕ ಕೊಟ್ಟು, ಸರಾಸರಿ ತೆಗೆದು, ಹೊಳೆಗಳನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗೆ ಹಾಕುತ್ತಾರೆ.

ಒಂದು ಎಚ್ಚರಿಕೆ. ಇಂಥ ಅಂಕಗಳ ಮೂಲ ಇರುವುದು ಯುರೋಪಿನ ತಂಪು ಹೊಳೆಗಳಲ್ಲಿ. ನಮ್ಮ ದಖ್ಖನ್ನಿನ ಹಳ್ಳಗಳು ಬೇಸಿಗೆಯಲ್ಲಿ ಒಣಗುತ್ತವೆ. 30 ಡಿಗ್ರಿಯ ನೀರು ಎಷ್ಟೇ ಶುದ್ಧವಿದ್ದರೂ ಅದರಲ್ಲಿ ಏಳೂವರೆ ಮಿಲಿಗ್ರಾಂ ಸುಮಾರಿಗಿಂತ ಹೆಚ್ಚು ಆಮ್ಲಜನಕ ಸಾಮಾನ್ಯವಾಗಿ ಕರಗಿರುವುದಿಲ್ಲ. ಆದ್ದರಿಂದ ಬಿಡಿ ಅಂಕಕ್ಕಿಂತ ಹೋಲಿಕೆ ಒಳ್ಳೆಯದು: ಒಂದೇ ಹಳ್ಳದಲ್ಲಿ ಊರಿಗಿಂತ ಮೇಲೊಂದು ಕಡೆ, ಊರು ದಾಟಿದ ಮೇಲೊಂದು ಕಡೆ ನೋಡಿ. ನೋಡಿಯಾದ ಮೇಲೆ ಹುಳುಗಳನ್ನು ಅಲ್ಲೇ ಬಿಡಿ.

ಟ್ರೇ ಎಲ್ಲವನ್ನೂ ಹೇಳುವುದಿಲ್ಲ. ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳೆನೀರನ್ನು ಸಂಸ್ಕರಿಸುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಬ್ಯಾಕ್ಟೀರಿಯಾನಾಶಕ ಔಷಧ ಇತ್ತೆಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದರು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಬೀದರ್ ದಾಟಿ ಬರುವ ಮಂಜೀರಾ ನದಿಯನ್ನು ಸೇರುವ ನಕ್ಕವಾಗು ಹಳ್ಳ ಇರುವುದು ಅದೇ ಭಾಗದಲ್ಲಿ. ಇಂಥ ಔಷಧವಾಗಲಿ, ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳಾಗಲಿ ಕಣ್ಣಿಗೆ ಬೀಳುವುದಿಲ್ಲ. ಕಾರ್ಖಾನೆಗಳ ಕೆಳಗಿನ ಹಳ್ಳವಾದರೆ ಲ್ಯಾಬೇ ಗತಿ. ಮಕ್ಕಳನ್ನು ಆ ನೀರಿಗೆ ಇಳಿಸಲೇಬೇಡಿ.