ತೇರು ತಪ್ಪಿತು, ಅಕ್ಷರ ಸಿಕ್ಕಿತು

ಫಾಲ್ಗುಣದಲ್ಲಿ ನಾಯಕನಹಟ್ಟಿಯ ದೊಡ್ಡ ತೇರಿನ ಫೋಟೊ ತೆಗೆಯಲು ಹೊರಡುವವರು ಮೊದಲು ಕಾರಿನ ಆಸೆ ಬಿಡಬೇಕು. ಊರು ಕಣ್ಣಿಗೆ ಬೀಳುವ ಮೊದಲೇ ನಮ್ಮ ಗಾಡಿಯನ್ನು ಹೊಲದ ಬದುವಿನ ಪಕ್ಕ ನಿಲ್ಲಿಸಬೇಕಾಯಿತು. ಟ್ರೈಪಾಡು ಹೆಗಲಿಗೇರಿಸಿ, ಟ್ರ್ಯಾಕ್ಟರುಗಳ ಧೂಳು ಕುಡಿಯುತ್ತ ನಾನೂ ಗೆಳೆಯನೂ ತೇರುಬೀದಿ ಮುಟ್ಟುವಷ್ಟರಲ್ಲಿ ಮುಕ್ತಿಬಾವುಟದ ಹರಾಜು ಮುಗಿದು ತೇರು ಹೊರಟೇಬಿಟ್ಟಿತ್ತು. ನಮ್ಮ ಕ್ಯಾಮೆರಾಕ್ಕೆ ದಕ್ಕಿದ್ದು ಎತ್ತಿದ ಕೈಗಳು, ಮೊಬೈಲುಗಳು, ಗುರಿ ತಪ್ಪಿ ಬಿದ್ದ ಬಾಳೆಹಣ್ಣು. ಒಳ್ಳೆಯ ಚಿತ್ರ ತೆಗೆದವರೆಲ್ಲ ಹಿಂದಿನ ದಿನವೇ ಬಂದು, ಮನೆಯವರನ್ನು ಕೇಳಿಕೊಂಡು, ಮಾಳಿಗೆಯ ಮೇಲೆ ಜಾಗ ಹಿಡಿದಿದ್ದರು. ಕೆರೆ ಕಟ್ಟಲು ಬಂದವರಿಗೆ ಈ ಜಾತ್ರೆಯ ಆರಾಧ್ಯ ತಿಪ್ಪೇರುದ್ರಸ್ವಾಮಿ ದುಡಿದಷ್ಟೇ ಕೂಲಿ ಕೊಟ್ಟರೆಂಬ ಐತಿಹ್ಯವಿದೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬುದು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ನಮಗೂ ಅದೇ ಲೆಕ್ಕ ಚುಕ್ತಾ ಆಯಿತು.

ತೇರು ಹೋದ ಮೇಲೆ ಕೊಬ್ಬರಿ ಸುಡುವ ಕಡೆ ಹೋದೆವು. ಹರಕೆ ಹೊತ್ತವರು ತಂದ ಕೊಬ್ಬರಿ ಬಟ್ಟಲುಗಳು ಬೆಂಕಿಗೆ ಬಿದ್ದು, ಎಣ್ಣೆ ಬಿಟ್ಟುಕೊಂಡು ಧಗ್ಗೆನ್ನುತ್ತಿದ್ದವು. ಹೊಗೆ ಎಷ್ಟೆಂದರೆ ಆಟೊಫೋಕಸ್ ಯಾವುದನ್ನೂ ಹಿಡಿಯಲೊಲ್ಲದು. ಕೈಯಲ್ಲೇ ಫೋಕಸ್ ತಿರುಗಿಸುತ್ತ ಮುಂದಕ್ಕೆ ಬಾಗಿದಾಗ ಅಜ್ಜಿಯೊಬ್ಬರು ತೋಳು ಹಿಡಿದು ಎಳೆದರು: "ಫೋಟ ಆಮೇಲೆ ತಗಿಯಪ್ಪ, ಈಕಡೆ ಸರಿ, ಮಕ ಸುಟ್ಟಾತು!" ಆ ಸಂಜೆಯ ಒಂದೇ ಒಳ್ಳೆಯ ಚಿತ್ರ ಅವರದೇ, ಕೊಬ್ಬರಿ ಬಿಟ್ಟ ಕೈ ಹಣೆಗೆ ಹೋಗುತ್ತಿರುವಾಗ ಸಿಕ್ಕಿದ್ದು.

ಮರುದಿನ ಬೆಳಗಿನ ಜಾವ ಕಾವಲಿನ ಹುಲ್ಲಿನಲ್ಲಿ ಕೃಷ್ಣಮೃಗ ತೆಗೆಯುವ ಯೋಜನೆಯಿತ್ತು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ದೊಡ್ಡ ಭಾಗ ಈಗ ಗೋಡೆಗಳೊಳಗಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಇಲ್ಲೇ ಉದ್ಘಾಟನೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇರುವುದು ನಾಯಕನಹಟ್ಟಿಗೆ ಹತ್ತಿರದ ಕುದಾಪುರದಲ್ಲಿ. ಉದ್ದ ಲೆನ್ಸು ಹಿಡಿದು ಇಂಥ ಗೋಡೆ ಪಕ್ಕ ನಿಂತವನನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಕಾವಲುಗಾರ ಮರ್ಯಾದೆಯಿಂದಲೇ "ಒಳಗಿಡ್ರಿ ಸಾರ್" ಎಂದ; ಇಟ್ಟೆವು. ಡ್ರೋನ್ ತರುವ ಯೋಚನೆಯಿದ್ದವರು ಮನೆಯಲ್ಲೇ ಬಿಟ್ಟು ಬರಲಿ. ಕೃಷ್ಣಮೃಗದ ಬದಲು ಟೈರಿಗೆ ಜಾಲಿಮುಳ್ಳು ಸಿಕ್ಕಿತು. ಜಾತ್ರೆಯ ಮರುದಿನ ಪಂಕ್ಚರ್ ಅಂಗಡಿಯವನು ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ಬೆಳಗಿನ ಬೆಳಕೆಲ್ಲ ಹೋಗಿತ್ತು.

ಹೀಗಾಗಿ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ತಲುಪಿದ್ದು ನೆತ್ತಿ ಸುಡುವ ಮಧ್ಯಾಹ್ನ. 1892ರಲ್ಲಿ ಬಿ. ಎಲ್. ರೈಸ್ ಇಲ್ಲಿಯೂ ಪಕ್ಕದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಊರವರಿಗೆ ಅದಕ್ಕೂ ಮೊದಲೇ ಅವು ಗೊತ್ತಿದ್ದವು: ಬ್ರಹ್ಮಗಿರಿಯದು ಅಕ್ಷರಗುಂಡು, ಸಿದ್ದಾಪುರದ್ದು ಎಮ್ಮೆತಮ್ಮನ ಗುಂಡು, ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಅಕ್ಷರಗುಂಡಿನ ಮೇಲೆ ಸುರಿದ ನೀರು ಔಷಧವೆಂದು ಜನ ಕುಡಿಯುತ್ತಿದ್ದರಂತೆ. ಜಟಿಂಗ ರಾಮೇಶ್ವರ ಬೆಟ್ಟದ ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಬಂಡೆಯ ಬರಹವಂತೂ ಸವೆದೇ ಹೋಗಿದೆ. ಇತಿಹಾಸದ ಪುಸ್ತಕಗಳು ಇಂಥದ್ದನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ. ನನಗೆ ಇದೇ ಹೆಚ್ಚು ರುಚಿಸುತ್ತದೆ.

ಆ ಮಧ್ಯಾಹ್ನದ ಹೊತ್ತಿನಲ್ಲಿ ಅಕ್ಷರಗುಂಡು ನೋಡಿದರೆ ಬರೀ ಬಂಡೆ. ಅಕ್ಷರ ಆಳವಿಲ್ಲ, ಮೇಲೆ ಚಾವಣಿ, ನೆರಳು ಸಪಾಟು. ಫ್ಲ್ಯಾಶ್ ನೇರವಾಗಿ ಹೊಡೆದರೆ ಇದ್ದಬದ್ದ ಗೆರೆಯೂ ಮಾಯ. ಗೆಳೆಯ ಕಾರಿನ ಗಾಜಿಗೆ ಹಾಕುವ ಬೆಳ್ಳಿ ಬಣ್ಣದ ಪರದೆ ತಂದ. ಹೊರಗಿನ ಬಿಸಿಲಿಗೆ ಅದನ್ನೊಡ್ಡಿ, ಬಂಡೆಗೆ ಬಹುತೇಕ ಸಮಾನಾಂತರವಾಗಿ ಬೆಳಕು ಬೀಳುವಂತೆ ಓರೆ ಮಾಡಿದ್ದೇ ತಡ, ಒಂದೊಂದೇ ಬ್ರಾಹ್ಮಿ ಅಕ್ಷರ ನೆರಳು ತುಂಬಿಕೊಂಡು ಎದ್ದಿತು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಧಿಕಾರಿಗಳಿಗೆ, ಬಂದ ಆಜ್ಞೆಯದು. ಕೊನೆಗೆ ಬರೆದವನ ಹೆಸರು ಚಪಡ. ಅವನು ಲಿಪಿಕಾರನೆಂದು ಹೇಳುವ ಪದ ಮಾತ್ರ ವಾಯವ್ಯ ಗಡಿಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಆ ಪದವೊಂದರ ಮುಂದೆ ಎಷ್ಟು ಹೊತ್ತು ಕೂತೆವೋ! ಪರದೆ ಹಿಡಿದವನ ಕೈ ನಡುಗಿದಾಗೆಲ್ಲ ಒಂದು ಗೆರೆ ಅಳಿಸಿ ಇನ್ನೊಂದು ಮೂಡುತ್ತಿತ್ತು. ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದು ಮನೆಯಲ್ಲಿ ಹೋಲಿಸಿದಾಗಲೇ ಯಾವುದು ಉಳಿಯ ಗುರುತು, ಯಾವುದು ಬಂಡೆಯ ಬಿರುಕು ಎಂಬುದು ಬಿಡಿಸಿಕೊಂಡಿತು.

ಜಾತ್ರೆಗೆ ಹೋಗುವವರು ಕಾರನ್ನು ಚಳ್ಳಕೆರೆಯಲ್ಲೇ ಬಿಟ್ಟು ಬಸ್ಸು ಹತ್ತಿ. ಬ್ರಹ್ಮಗಿರಿಗೆ ಹೋದರೆ ಅಗ್ಗದ್ದೊಂದು ಹೊಳೆಯುವ ಪರದೆ ಒಯ್ಯಿರಿ. ಅಕ್ಷರ ಕಾಣಲಿಲ್ಲವೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸವರುವುದು, ನೀರು ಚೆಲ್ಲುವುದು ದಯವಿಟ್ಟು ಬೇಡ.